ಕುಪ್ಪಳಿಸುವ ಹೆಣ

ಮಾರಿಯೊ ವಿಡಿಯೊ ಆಟದಲ್ಲಿ ಎದುರಾಳಿಯ ನೆತ್ತಿಯ ಮೇಲೆ ಹಾರಿ ಮೆಟ್ಟಿದರೆ ಕೆಲಸ ಮುಗಿಯಿತು. ಅಂಗನವಾಡಿಯ ಮಗುವಿಗೂ ಗೊತ್ತಿರುವ ಶಾಸ್ತ್ರವಿದು. ಇದನ್ನೇ ನಂಬಿಕೊಂಡು ‘ಸೂಪರ್ ಮಾರಿಯೊ ಲ್ಯಾಂಡ್’ನ ನಾಲ್ಕನೆಯ ಲೋಕಕ್ಕೆ ಕಾಲಿಟ್ಟರೆ ಪಿಯೊನ್‌ಪಿ ಎದುರಾಗುತ್ತದೆ. ಎರಡೂ ಕೈ ಮುಂದಕ್ಕೆ ಚಾಚಿ, ಸೆಟೆದುಕೊಂಡೇ ಟುಪ್ ಟುಪ್ ಎಂದು ಕುಪ್ಪಳಿಸುತ್ತ ಬರುವ ಹೆಣ. ಮೆಟ್ಟಿದರೆ ಬೀಳುತ್ತದೇನೋ ನಿಜ. ಗೆದ್ದೆ ಅಂದುಕೊಂಡು ಅಲ್ಲೇ ಸುಳಿದಾಡಿದಿರೋ, ಎದ್ದು ಮತ್ತೆ ನಿಮ್ಮ ಕಡೆಗೇ ಕುಪ್ಪಳಿಸುತ್ತದೆ.

ಸತ್ತು ಏಳುವುದು ಮಾರಿಯೊ ಆಟಗಳಿಗೆ ಹೊಸದೇನಲ್ಲ. 1988ರ ‘ಸೂಪರ್ ಮಾರಿಯೊ ಬ್ರದರ್ಸ್ 3’ರಲ್ಲಿ ‘ಡ್ರೈ ಬೋನ್ಸ್’ ಎಂಬ ಎಲುಬಿನ ಆಮೆ ಆಗಲೇ ಬಂದುಹೋಗಿತ್ತು. ಅದೂ ಮೆಟ್ಟಿದರೆ ಕುಸಿದು ಮತ್ತೆ ಜೋಡಿಸಿಕೊಂಡು ಏಳುತ್ತದೆ. ಆದರೆ ಅದು ನಡೆಯುವ ಆಮೆ. ಎಲ್ಲಿದೆ, ಎಲ್ಲಿರುತ್ತದೆ ಎಂದು ಕಣ್ಣಳತೆಯಲ್ಲಿ ಹೇಳಬಹುದು. ಪಿಯೊನ್‌ಪಿ ನೆಲದಲ್ಲಿರುವುದು ಎಷ್ಟೋ, ಗಾಳಿಯಲ್ಲಿರುವುದೂ ಅಷ್ಟೇ. ನೀವು ಹಾರುವಾಗ ಅದೂ ಹಾರಿದರೆ ನಡುವೆ ಮುಖಾಮುಖಿಯಾಗಿ ಸಾಯುವವರು ನೀವೇ. ಹಾಗಾಗಿ ಅದರ ತಾಳ ಹಿಡಿಯಬೇಕು, ಅದು ಇಳಿಯುವ ಗಳಿಗೆಗೆ ನೀವು ಮೇಲಿರಬೇಕು. ಅದನ್ನು ಪೂರ್ತಿ ತೊಲಗಿಸುವ ಉಪಾಯವೂ ಉಂಟು, ಹೂ ತಿಂದರೆ ಸಿಗುವ ಸೂಪರ್‌ಬಾಲ್. ಗೋಡೆಗೆ ಬಡಿದು ಓರೆಯಾಗಿ ಪುಟಿಯುವ ಆ ಚೆಂಡು ತಾಗಿದರೆ ಹೆಣ ಹೋಯಿತು. ಆದರೆ ಒಂದೇ ಒಂದು ಪೆಟ್ಟು ತಿಂದರೆ ಆ ಶಕ್ತಿಯೂ ಹೋಯಿತು.

ಚೀನಾದ ಜಾನಪದದಲ್ಲಿ ಈ ಹೆಣದ ಹೆಸರು ಜಿಯಾಂಗ್‌ಶಿ. ಸತ್ತ ಮೇಲೆ ಮೈ ಮರಗಟ್ಟಿದೆ, ಕೀಲುಗಳು ಮಡಚುವುದಿಲ್ಲ, ಆದ್ದರಿಂದ ನಡೆಯಲಾರದು, ಕುಪ್ಪಳಿಸಬೇಕು. ಎಂಥ ಅಚ್ಚುಕಟ್ಟಾದ ತರ್ಕ! ನಮ್ಮ ದೆವ್ವಗಳಿಗೆ ಕಾಲು ಹಿಂದುಮುಂದಾಗಿರುತ್ತದೆ, ಯಾಕೆಂದು ಕೇಳಿದರೆ ಹೇಳುವವರಿಲ್ಲ. ಹಳೆಯ ಚೀನೀ ಕಥೆಗಳಲ್ಲಿ ಜಿಯಾಂಗ್‌ಶಿ ಕುಪ್ಪಳಿಸಲೇಬೇಕೆಂದೂ ಇಲ್ಲ. ಪು ಸೊಂಗ್‌ಲಿಂಗ್ (1640–1715) ಬರೆದ ಒಂದು ಕಥೆಯಲ್ಲಿ ಛತ್ರದಲ್ಲಿ ಮಲಗಿದ ನಾಲ್ವರು ಪ್ರಯಾಣಿಕರ ಬಳಿಗೆ ಹೆಂಗಸಿನ ಹೆಣ ಎದ್ದು ಬಂದು ಒಬ್ಬೊಬ್ಬರ ಮೇಲೆ ಉಸಿರೂದುತ್ತದೆ. ಉಸಿರು ಬಿಗಿಹಿಡಿದ ಒಬ್ಬ ಮಾತ್ರ ಉಳಿದು ಓಡುತ್ತಾನೆ, ಅದೂ ಹಿಂದೆಯೇ ಓಡುತ್ತದೆ. ಅವನು ಮರದ ಮರೆಗೆ ನಿಂತಾಗ ಅಪ್ಪಲು ಹೋದ ಹೆಣದ ಬೆರಳುಗಳು ಮರಕ್ಕೇ ನಾಟಿಕೊಳ್ಳುತ್ತವೆ. ಇಷ್ಟು ತಣ್ಣಗೆ ಹೇಳಿದ ಭಯಾನಕ ಕಥೆ ನಾನು ಬೇರೆ ಓದಿಲ್ಲ.

ಚಿಂಗ್ ಅರಸರ ಕಾಲದ ಅಧಿಕಾರಿಯ ನಿಲುವಂಗಿ, ದುಂಡು ಟೊಪ್ಪಿ, ಹಣೆಗೆ ಅಂಟಿಸಿದ ಹಳದಿ ಮಂತ್ರದ ಚೀಟಿ ತೊಟ್ಟ ಜಿಯಾಂಗ್‌ಶಿಯನ್ನು ಲೋಕಪ್ರಸಿದ್ಧ ಮಾಡಿದ್ದು ಹಾಂಗ್‌ಕಾಂಗ್ ಸಿನಿಮಾ. ರಿಕಿ ಲಾವ್ ನಿರ್ದೇಶನದ ‘ಮಿಸ್ಟರ್ ವ್ಯಾಂಪೈರ್’ ಬಂದದ್ದು 1985ರಲ್ಲಿ. ಅದರಲ್ಲಿ ಲಾಮ್ ಚಿಂಗ್-ಯಿಂಗ್ ಮಾಡಿದ ಕೂಡುಹುಬ್ಬಿನ ಮಂತ್ರವಾದಿಯನ್ನು ನೋಡಲಿಕ್ಕೇ ಆ ಚಿತ್ರ ಹಾಕಿಕೊಳ್ಳಬಹುದು. ಹೆಣದ ವಿಷ ಇಳಿಸಲು ಅಂಟಕ್ಕಿ ಬೇಕು. ಅಂಗಡಿಯವನು ಅದಕ್ಕೆ ಬೇರೆ ಅಕ್ಕಿ ಬೆರೆಸಿ ಕೊಟ್ಟುಬಿಡುತ್ತಾನೆ! ಕಲಬೆರಕೆಯಿಂದ ದೆವ್ವದ ಕಥೆ ತಿರುವು ಪಡೆಯುವುದನ್ನು ಮುಂಬಯಿಯವರು ನಗದೆ ನೋಡಲಾರರು. ಎಂಬತ್ತರ ದಶಕದ ಕೊನೆಗೆ ಜಪಾನಿನ ಮಕ್ಕಳಿಗೂ ಈ ಕುಪ್ಪಳಿಕೆಯ ಹುಚ್ಚು ಹಿಡಿದಿತ್ತು. ಆ ಹುಚ್ಚಿನ ನಡುವೆಯೇ, 1989ರ ಏಪ್ರಿಲ್‌ನಲ್ಲಿ, ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದ ಜತೆಗೆ ಈ ಆಟ ಬಂತು.

ಗುನ್‌ಪೆಯ್ ಯೊಕೊಯಿ ನಿರ್ಮಾಪಕ, ಸತೊರು ಒಕಾಡ ನಿರ್ದೇಶಕ. ಮಾರಿಯೊನ ಜನಕ ಮಿಯಾಮೊಟೊ ಕೈಯಾಡಿಸದ ಮಾರಿಯೊ ಇದು. ಇಡೀ ಆಟ ಕೂತಿರುವುದು 64 ಕಿಲೊಬೈಟಿನಲ್ಲಿ. ಇಂದು ಮೊಬೈಲಿಗೆ ಬರುವ ಒಂದು ‘ಶುಭೋದಯ’ದ ಚಿತ್ರವೇ ಅದಕ್ಕಿಂತ ಭಾರ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ, ಪಾಚಿ ಹಸಿರಿನ ನಾಲ್ಕೇ ಛಾಯೆ. ಇಷ್ಟರಲ್ಲಿ ಬಟ್ಟೆಯ ಕಸೂತಿ, ಮಂತ್ರದ ಅಕ್ಷರ ಯಾವುದನ್ನೂ ಬಿಡಿಸಲಾಗದು. ಹಾಗಿದ್ದೂ ನೋಡಿದ ತಕ್ಷಣ ಗುರುತು ಸಿಗುತ್ತದೆ. ಯಾಕೆಂದರೆ ಇದರ ಜೀವ ವೇಷದಲ್ಲಿಲ್ಲ, ಚಲನೆಯಲ್ಲಿದೆ. ಅದೇ ಆಟದಲ್ಲಿ ಈಸ್ಟರ್ ದ್ವೀಪದ ಕಲ್ಲುಮುಖಗಳೂ ಬರುತ್ತವೆ. ಅವು ಬರೀ ವೇಷ, ತೆಗೆದು ಬೇರೆ ಏನನ್ನಿಟ್ಟರೂ ನಡೆದೀತು. ಪಿಯೊನ್‌ಪಿಯ ಜಾಗಕ್ಕೆ ಇನ್ನೊಂದನ್ನು ಇಡಲಾಗದು. ಹಿರೊಕಾಜು ತನಾಕ ಕೂಡಿಸಿದ ಚೀನೀ ಛಾಯೆಯ ಆ ಪುಟ್ಟ ರಾಗ ಹಿಂದೆ ಓಡುತ್ತಿದ್ದರೆ, ಹೆಣ ಕುಣಿಯುತ್ತಿದೆಯೋ ಬೇಟೆಗೆ ಬರುತ್ತಿದೆಯೋ ತಿಳಿಯದು.

ಮುಂಬಯಿಯ ವಿಕ್ರೋಳಿ ಪೂರ್ವದ ಟಾಗೋರ್ ನಗರ, ಕನ್ನಮ್ವಾರ್ ನಗರಗಳ ಕನ್ನಡ, ತುಳು ಮನೆಗಳಿಗೆ ಗೇಮ್ ಬಾಯ್ ಬರುತ್ತಿದ್ದುದು ಗಲ್ಫಿನಲ್ಲಿದ್ದ ಮಾವಂದಿರ ಸೂಟ್‌ಕೇಸಿನಲ್ಲಿ. ಪರದೆಗೆ ಸ್ವಂತ ಬೆಳಕಿಲ್ಲ, ಟ್ಯೂಬ್‌ಲೈಟಿಗೆ ಓರೆ ಹಿಡಿದು ಆಡಬೇಕು. ಆಟಿ ತಿಂಗಳಲ್ಲಿ ಕುಲೆಗಳಿಗೆ, ಎಂದರೆ ಸತ್ತ ಹಿರಿಯರಿಗೆ, ಎಲೆ ಹಾಕಿ ಬಡಿಸುವ ಮನೆಗಳವು. ಸತ್ತವರು ಬಂದುಹೋಗುವುದು ಅಲ್ಲಿ ಮಕ್ಕಳಿಗೆ ವಿಚಿತ್ರವೆನಿಸುತ್ತಿರಲಿಲ್ಲ. ಜಿಯಾಂಗ್‌ಶಿಯ ಹುಟ್ಟಿಗೆ ಹೇಳುವ ಒಂದು ವಿವರಣೆಯಂತೂ ಆ ಮನೆಗಳ ದೊಡ್ಡವರಿಗೇ ಹೇಳಿ ಮಾಡಿಸಿದಂತಿದೆ. ಹುನಾನ್ ಪ್ರಾಂತ್ಯದ ಕಡೆ, ದುಡಿಯಲು ಹೋಗಿ ದೂರದಲ್ಲಿ ಸತ್ತವರನ್ನು ಹುಟ್ಟೂರ ಮಣ್ಣಿಗೇ ಸೇರಿಸಬೇಕೆಂದು ಬಿದಿರಿನ ಗಳಗಳಿಗೆ ಕಟ್ಟಿ, ಹಿಂದೊಬ್ಬ ಮುಂದೊಬ್ಬ ಹೊತ್ತು ರಾತ್ರಿ ಹೊತ್ತು ಸಾಗಿಸುತ್ತಿದ್ದರಂತೆ. ಗಳ ಬಳುಕಿದಾಗ ದೂರದಿಂದ ನೋಡಿದವರಿಗೆ ಹೆಣ ತಾನೇ ಕುಪ್ಪಳಿಸಿದಂತೆ ಕಾಣುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆಯುವವರೆಗೆ ಊರೆಂದರೆ ದೀರ್ಘ ಬಸ್ ಪ್ರಯಾಣವಾಗಿದ್ದ ಜನರಿಗೆ, ಕೊನೆಗಾದರೂ ಊರು ಮುಟ್ಟಬೇಕೆಂಬ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇದರ ಹತ್ತಿರದ ನಂಟು ಬೇತಾಳ. ‘ಚಂದಮಾಮ’ದಲ್ಲಿ ಶಂಕರ್ ಬರೆದ ಚಿತ್ರ ನೆನಪಿಸಿಕೊಳ್ಳಿ: ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಮಸಣದಲ್ಲಿ ನಡೆಯುವ ವಿಕ್ರಮ. ಅಲ್ಲಿಯೂ ಕತ್ತಿ ಉಪಯೋಗಕ್ಕೆ ಬರುವುದಿಲ್ಲ, ಹೆಣ ಪ್ರತಿ ಸಲ ಮರಕ್ಕೆ ಹಿಂದಿರುಗುತ್ತದೆ. ಒಂದೇ ವ್ಯತ್ಯಾಸ, ಬೇತಾಳನಿಗೆ ಮಾತು ಬೇಕು. ರಾಜ ಬಾಯಿ ಬಿಟ್ಟರೆ ಸೋತ. ಪಿಯೊನ್‌ಪಿಗೆ ಮಾತಿಲ್ಲ, ಪ್ರಶ್ನೆಯಿಲ್ಲ, ಹಠವೊಂದೇ. ಶಂಕರ್ ಅವರ ಕುಂಚಕ್ಕೆ ಸರಿಗಟ್ಟುವಂಥದ್ದು ಇದೆಂದು ನಾನು ಹೇಳಲಾರೆ. ಆದರೆ ಸಾಯದ ಹೆಣವನ್ನು ನೋಡುವುದು ಬೇರೆ, ಅದರ ತಾಳಕ್ಕೆ ನಮ್ಮ ಹೆಬ್ಬೆರಳು ಕುಣಿಯುವುದು ಬೇರೆ. ಈ ಎರಡನೆಯ ಸುಖವನ್ನು ಚಿತ್ರವಾಗಲಿ ಸಿನಿಮಾವಾಗಲಿ ಕೊಡಲಾರದು.

ಆಟ ಎಲ್ಲಿಯಾದರೂ ಕೈಗೆ ಸಿಕ್ಕರೆ 4-1ನೇ ಹಂತದವರೆಗೆ ಹೋಗಿ. ಶಬ್ದ ಏರಿಸಿಕೊಳ್ಳಿ, ಸೂಪರ್‌ಬಾಲ್ ಇದ್ದರೂ ಬಳಸಬೇಡಿ. ಚೆಂಡೆಸೆದು ಕೊಂದವರಿಗೆ ಪಿಯೊನ್‌ಪಿಯ ರುಚಿ ಹತ್ತುವುದಿಲ್ಲ.