ಕೂಡಿಸಿ ಬರೆದರೆ ಮಾತ್ರ ಅಕ್ಷರವೇ?

ಮೊನ್ನೆ ಮಗಳ ಸ್ಕೂಲ್ ಡೈರಿಯಲ್ಲಿ ಒಂದು ಷರಾ ಇತ್ತು: 'ಕರ್ಸಿವ್ ಸುಧಾರಿಸಬೇಕು.' ನೋಟ್‌ಬುಕ್ ತೆಗೆದು ನೋಡಿದೆ. ಬಿಡಿಬಿಡಿಯಾಗಿ, ದುಂಡಗೆ, ಒಂದು ಸ್ಪೆಲ್ಲಿಂಗೂ ತಪ್ಪದೆ ಬರೆದಿದ್ದಾಳೆ. ಇದರಲ್ಲಿ ಸುಧಾರಿಸೋದೇನು?

ನನಗೆ ಎಬಿಸಿಡಿ ಸಿಕ್ಕಿದ್ದೇ ಐದನೇ ಕ್ಲಾಸಲ್ಲಿ, ಊರಿನ ಸರ್ಕಾರಿ ಶಾಲೆಯಲ್ಲಿ. ಮೇಷ್ಟ್ರು ಬೋರ್ಡ್ ಮೇಲೆ ಬಿಡಿಯಾಗಿ ಬರೆದರು, ನಾವೂ ಹಾಗೇ ಬರೆದೆವು. ಕನ್ನಡ ಬರೆಯೋದೂ ಹಾಗೇ ತಾನೇ? 'ಅಕ್ಷರ ಮುತ್ತು ಪೋಣಿಸಿದಂಗಿರಬೇಕು ಕಣ್ರೋ' ಅಂತಿದ್ದರು ಅವರು. ಪಿಯುಸಿಗೆ ಪೇಟೆಗೆ ಬಂದಾಗ ಲೆಕ್ಚರರ್ ನನ್ನ ರೆಕಾರ್ಡ್ ಬುಕ್ ಎತ್ತಿ ಹಿಡಿದು 'ಇದೇನಪ್ಪಾ, ಎಲ್‌ಕೆಜಿ ಮಕ್ಕಳ ತರ' ಅಂದರು. ಕ್ಲಾಸೆಲ್ಲ ನಕ್ಕಿತು. ಆಮೇಲೆ ನಾಲ್ಕು ಗೆರೆ ಕಾಪಿ ತಂದು, ಹಾಸ್ಟೆಲ್‌ನಲ್ಲಿ ರೂಂಮೇಟ್ ಮಲಗಿದ ಮೇಲೆ ತಿದ್ದಿದೆ. ಬೇಗ ಬರೆಯಬೇಕು ಅಂತಲ್ಲ. ಯಾವ ಸ್ಕೂಲಿಂದ ಬಂದೆ ಅಂತ ಯಾರೂ ಕೇಳದಿರಲಿ ಅಂತ.

ಬಿಇ ಸೇರಿದರೆ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟ್ ಮೇಲೆ ಕರ್ಸಿವ್ ಬರೆಯೋ ಹಾಗೇ ಇಲ್ಲ! ಅಲ್ಲಿ ಬಿಡಿಯಕ್ಷರಕ್ಕೇ ಲೆಟರಿಂಗ್ ಅನ್ನೋ ಗೌರವದ ಹೆಸರು. ಬ್ಯಾಂಕಿನ ಫಾರಂ ಕ್ಯಾಪಿಟಲ್ ಅಕ್ಷರದಲ್ಲೇ ತುಂಬಬೇಕು. ಔಷಧಿ ಚೀಟಿಯನ್ನು ಸ್ಪಷ್ಟವಾಗಿ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಿರಿ ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ಡಾಕ್ಟರುಗಳಿಗೆ ಹೇಳಿತು. ತಪ್ಪಾಗಿ ಓದಿದರೆ ನಷ್ಟ ಆಗುವ ಕಡೆಯೆಲ್ಲ ಬಿಡಿಯಕ್ಷರವೇ ಬೇಕು. ಮರ್ಯಾದೆ ಅಳೆಯುವ ಕಡೆ ಮಾತ್ರ ಕರ್ಸಿವ್.

ಹಾಗಂತ ಕರ್ಸಿವ್ ಕೆಟ್ಟದ್ದೇನಲ್ಲ. ಮಸಿಯಲ್ಲಿ ಅದ್ದಿ ಬರೆಯುವ ಕಾಲದಲ್ಲಿ ಪೆನ್ನು ಎತ್ತಿ ಇಟ್ಟಾಗೆಲ್ಲ ಕಲೆ ಬೀಳುವ ಭಯ, ಕೂಡಿಸಿ ಬರೆಯೋದೇ ಅನುಕೂಲ. ನಮ್ಮಲ್ಲೂ ಶಾನುಭೋಗರು ವೇಗಕ್ಕಾಗಿ ಮೋಡಿ ಅಕ್ಷರ ಬರೆದರು. ಇವತ್ತು ಆ ಜಮೀನಿನ ಕಾಗದ ಓದಿಸೋಕೆ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಫ್ರಾನ್ಸಿನಲ್ಲಿ ಮಕ್ಕಳು ಶುರುವಿನಿಂದಲೇ ಕೂಡಿಸಿ ಬರೆಯುತ್ತಾರೆ. ಫಿನ್ಲೆಂಡ್ 2016ರಲ್ಲಿ ಅದರ ಕಡ್ಡಾಯ ಕೈಬಿಟ್ಟಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ ವಾಪಸ್ ತಂದಿತು. ಅಲ್ಲಿ ನಡೆಯೋದು ಮಕ್ಕಳು ಹೇಗೆ ಕಲಿಯಬೇಕು ಅನ್ನೋ ಚರ್ಚೆ. ನಮ್ಮ ಇಂಗ್ಲಿಷ್ ಮೀಡಿಯಂಗಳಲ್ಲಿ ಚರ್ಚೆಯೇ ಇಲ್ಲ. ಕೂಡಿಸಿ ಬರೆದವನು ಒಳ್ಳೇ ಸ್ಕೂಲಿನವನು, ಬಿಡಿಸಿ ಬರೆದವನು ಹಳ್ಳಿಯವನು, ಅಷ್ಟೇ.

ಡೈರಿಯಲ್ಲಿ ಬರೆದೆ: 'ಓದೋಕೆ ಬರುತ್ತಲ್ಲ ಮೇಡಂ?' ಕೆಳಗೆ ಸೈನ್ ಹಾಕಿದೆ. ಅದು ಹಾಸ್ಟೆಲ್‌ನಲ್ಲಿ ಕಲಿತ ಕರ್ಸಿವ್. ಮಗಳು ನೋಡಿ 'ಇದೇನಪ್ಪಾ ಬರೆದಿರೋದು?' ಅಂದಳು.