ಮಾತು, ರಾಗ ಮತ್ತು ಪೇತ್ರನ ಕಣ್ಣೀರು

ಹಾಡಿದ ಮಾತಿಗಿಂತ ಹಾಡುಗಾರಿಕೆಯೇ ತನ್ನನ್ನು ಹೆಚ್ಚಾಗಿ ಕಲಕಿದಾಗ ತಾನು ಪಾಪಮಾಡಿದೆನೆಂದು ಅಗಸ್ಟೀನನು ತನ್ನ ಅರಿಕೆಗಳ ಹತ್ತನೆಯ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೂ ಸಭೆಯಿಂದ ಗಾನವನ್ನು ದೂರಮಾಡಲು ಅವನಿಗೆ ಮನಸ್ಸಾಗಲಿಲ್ಲ. ಮಾತು ಮುಖ್ಯವೋ, ರಾಗ ಮುಖ್ಯವೋ ಎಂಬ ಈ ಆತಂಕಕ್ಕೆ ಬಾಖನ ‘ಮತ್ತಾಯನ ಶ್ರಮೆಗೀತ’ದಲ್ಲಿ ಒಂದು ಉತ್ತರವಿದೆಯೆಂದು ನಾವು ಭಾವಿಸುತ್ತೇವೆ. ಈ ಕೃತಿ 1727ರ ಶುಭ ಶುಕ್ರವಾರ ಲೈಪ್ಸಿಗ್‌ನ ಸಂತ ತೋಮಸರ ದೇವಾಲಯದಲ್ಲಿ ಮೊದಲು ಕೇಳಿಬಂದಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಪೇತ್ರನು ಅಲ್ಲಗಳೆದ ಪ್ರಸಂಗವನ್ನು ಗಮನಿಸೋಣ. ಸುವಾರ್ತಿಕನ ನಿರೂಪಣೆ ಮಾತಿನ ಲಯದಲ್ಲಿಯೇ ಸಾಗುತ್ತದೆ. ಅಳುವನ್ನು ಹೇಳುವ ಪದ ಬಂದೊಡನೆ ಅಕ್ಷರವು ಅನೇಕ ಸ್ವರಗಳಿಗೆ ಹರಡಿ, ನಿರೂಪಕನೇ ಅಳುವಂತಾಗುತ್ತದೆ. ಅನಂತರದ ಹಾಡನ್ನು ಪಿಟೀಲು ಆರಂಭಿಸುತ್ತದೆ. ಅದರ ಅಲಂಕೃತ ಧಾಟಿಯನ್ನು ಕಂಠವು ಸರಳಗೊಳಿಸಿ ಹಿಡಿಯುತ್ತದೆ. ಪೇತ್ರನ ಪಾತ್ರ ಮಂದ್ರ ಪುರುಷಕಂಠದ್ದು, ಈ ಹಾಡು ಆಲ್ಟೊ ಕಂಠದ್ದು. ಹೀಗೆ ಕಣ್ಣೀರು ಪೇತ್ರನೊಬ್ಬನದಾಗಿ ಉಳಿಯದೆ ಆಲಿಸುವ ಸಭೆಯದಾಗುತ್ತದೆ. ರಾಗದ ಸೊಗಸಿನಲ್ಲಿ ಪೇತ್ರನ ದುಃಖವನ್ನೇ ಸವಿಯುವ ಅಪಾಯ ಇಲ್ಲಿಲ್ಲವೇ? ಇದೆ. ಆದರೆ ಮತ್ತೆಮತ್ತೆ ಕರುಣೆಯನ್ನು ಬೇಡುವ ಮಾತು ನಮ್ಮನ್ನು ರಸಿಕರಾಗಿರಲು ಬಿಡದೆ ಬೇಡುವವರ ಸಾಲಿನಲ್ಲಿ ನಿಲ್ಲಿಸುತ್ತದೆ.

ಇನ್ನೊಂದು ಸ್ಥಳ ಇದಕ್ಕಿಂತಲೂ ಆಳವಾದುದು. ಈ ಕೃತಿಯಲ್ಲಿ ಕರ್ತನು ಮಾತಾಡುವಾಗಲೆಲ್ಲ ತಂತಿವಾದ್ಯಗಳ ದೀರ್ಘಸ್ವರಗಳು ಪ್ರಭಾವಳಿಯಂತೆ ಆವರಿಸಿರುತ್ತವೆ. ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಮೊದಲ ಮಾತನ್ನು ಕೂಗುವಾಗ ಮಾತ್ರ ಅವು ಮೌನವಾಗಿವೆ. ಕೈಬಿಡಲ್ಪಟ್ಟವನ ವೇದನೆಯನ್ನು ಬಾಖ್ ಸ್ವರ ಕೂಡಿಸಿ ತೋರಿಸುವುದಿಲ್ಲ, ಸ್ವರವನ್ನು ಹಿಂತೆಗೆದು ತೋರಿಸುತ್ತಾನೆ. ಇದನ್ನು ವ್ಯಾಖ್ಯಾನವೆಂದೇ ಕರೆಯಬೇಕು.

ಭಾವವು ರಾಗದಲ್ಲಿಯೇ ಅಡಗಿದೆಯೆನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. ಕರ್ತನ ಮರಣದ ಬೆನ್ನಿಗೆ ಇಲ್ಲಿ ಕೇಳಿಬರುವ ಸಭಾಗೀತದ ಧಾಟಿಯು ಹಾಸ್ಲರನು 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯೊಂದರದು. ಧಾಟಿ ಹಂಬಲವನ್ನು ಕೊಡಬಲ್ಲದು. ಯಾರಿಗಾಗಿ, ಏತಕ್ಕಾಗಿ ಹಂಬಲವೆಂಬುದನ್ನು ಮಾತೇ ಹೇಳಬೇಕು.

ಬಾಸೆಲ್ ಮಿಶನ್ನಿನ ಕಾಲದಿಂದ ಜರ್ಮನ್ ಧಾಟಿಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡುತ್ತ ಬಂದಿರುವ ನಮಗೆ ಇದು ದೂರದ ವಿಷಯವಲ್ಲ. ಕನ್ನಡದಲ್ಲಿ ಹ್ರಸ್ವದೀರ್ಘಗಳೇ ಅರ್ಥವನ್ನು ನಿರ್ಧರಿಸುತ್ತವೆ. ‘ಕೊಡು’ ಎಂಬ ಬಿನ್ನಹದ ಮೊದಲಕ್ಷರವು ನೀಳಸ್ವರಕ್ಕೆ ಸಿಕ್ಕಿದರೆ ಕಿವಿಗೆ ಬೀಳುವುದು ‘ಕೋಡು’. ‘ಬಿಡು’ ಎಂಬುದು ‘ಬೀಡು’ ಆಗುತ್ತದೆ. ಅಂಥ ಸಾಲಿನಲ್ಲಿ ರಾಗವು ಪ್ರಾರ್ಥಿಸುತ್ತಿದ್ದರೂ ಮಾತು ಪ್ರಾರ್ಥಿಸುತ್ತಿರುವುದಿಲ್ಲ. ಆದುದರಿಂದ ಆರಾಧನೆಗೆ ಹಾಡನ್ನು ಆರಿಸುವ ಸಭಾಪಾಲಕನು ಮೊದಲು ಅದನ್ನು ರಾಗವಿಲ್ಲದೆ ಗಟ್ಟಿಯಾಗಿ ಓದಲಿ, ಬಳಿಕ ಹಾಡಲಿ. ಓದಿದಾಗ ತಿಳಿದ ಅರ್ಥ ಹಾಡಿದಾಗಲೂ ಉಳಿದಿದ್ದರೆ ಆ ಹಾಡನ್ನು ಸಭೆಯ ಬಾಯಿಗೆ ನಂಬಿ ಕೊಡಬಹುದು.