ಪ್ರಜ್ಞೆಗೆ ಜನ್ಮಕಾಲವುಂಟೆ?

ಮನುಷ್ಯನಲ್ಲಿ ಪ್ರಜ್ಞೆ ಎಂದು ಉದಯಿಸಿತು ಎಂಬ ಪ್ರಶ್ನೆಗೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೂಲಿಯನ್ ಜೇನ್ಸ್ ಅವರು 1976ರಲ್ಲಿ ಒಂದು ಸಾಹಸದ ಉತ್ತರವನ್ನು ಮುಂದಿಟ್ಟರು. ‘ದಿ ಒರಿಜಿನ್ ಆಫ್ ಕಾನ್ಶಸ್‌ನೆಸ್ ಇನ್ ದಿ ಬ್ರೇಕ್‌ಡೌನ್ ಆಫ್ ದಿ ಬೈಕ್ಯಾಮರಲ್ ಮೈಂಡ್’ ಎಂಬ ಅವರ ಗ್ರಂಥವು ಇಂದಿಗೂ ಓದುಗರನ್ನು ಆಕರ್ಷಿಸುತ್ತಿದೆ. ಅದರ ಪ್ರತಿಪಾದನೆಯನ್ನು ನೈತಿಕ ದೃಷ್ಟಿಯಿಂದಲೂ ಪರೀಕ್ಷಿಸುವುದು ಅಗತ್ಯ.

ಸುಮಾರು ಮೂರು ಸಾವಿರ ವರ್ಷಗಳ ಹಿಂದಿನವರೆಗೆ ಮನುಷ್ಯರು ನಗರಗಳನ್ನು ಕಟ್ಟಿದರು, ಕೃಷಿ ಮಾಡಿದರು, ಯುದ್ಧ ಹೂಡಿದರು. ಆದರೆ ‘ನಾನು ಯೋಚಿಸುತ್ತಿದ್ದೇನೆ’ ಎಂಬ ಅಂತರವಲೋಕನ ಅವರಿಗಿರಲಿಲ್ಲ ಎಂಬುದು ಜೇನ್ಸ್ ಅವರ ವಾದ. ಸಂಕಟ ಒದಗಿದಾಗ ಮೆದುಳಿನ ಬಲಾರ್ಧದಲ್ಲಿ ರೂಪುಗೊಂಡ ಆಜ್ಞೆಯು ದೇವವಾಣಿಯಾಗಿ ಕೇಳಿಸುತ್ತಿತ್ತು. ಮನುಷ್ಯನು ಅದನ್ನು ಪಾಲಿಸುತ್ತಿದ್ದನು. ವಲಸೆ, ವಿಪ್ಲವ, ಬರವಣಿಗೆಗಳ ಪರಿಣಾಮವಾಗಿ ಆ ವಾಣಿ ಅಡಗಿತು. ಭಾಷೆಯ ರೂಪಕಗಳಿಂದ ಒಳಗೊಂದು ‘ನಾನು’ ನಿರ್ಮಾಣವಾಯಿತು. ಇಲಿಯಡ್ ಕಾವ್ಯದಲ್ಲಿ ಖಡ್ಗ ಹಿರಿಯುತ್ತಿದ್ದ ಅಕಿಲೀಸನನ್ನು ಅಥೀನಾ ದೇವಿ ಕೂದಲು ಹಿಡಿದು ತಡೆಯುತ್ತಾಳೆ. ನಾವು ಕವಿಕಲ್ಪನೆಯೆಂದು ಓದುವ ಇಂತಹ ಸನ್ನಿವೇಶವನ್ನು ಅವರು ಅಂದಿನ ಮನಸ್ಸಿನ ಯಥಾರ್ಥ ವರದಿಯೆಂದು ಗ್ರಹಿಸುತ್ತಾರೆ.

ಗ್ರಂಥದ ಗುಣವನ್ನು ಅಲ್ಲಗಳೆಯಲಾಗದು. ನಮ್ಮ ನಿತ್ಯದ ಎಷ್ಟೋ ಕ್ರಿಯೆಗಳು ಗಮನವಿಲ್ಲದೆಯೇ ಸಾಗುತ್ತವೆ ಎಂಬುದನ್ನು ಅದು ಮನಗಾಣಿಸುತ್ತದೆ. ಆದರೆ ಆಧಾರಗಳು ದುರ್ಬಲ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ ಸುಮಾರು 1900ರ ಹೊತ್ತಿಗೆ ರಚಿತವಾದ ಒಂದು ಕೃತಿಯಲ್ಲಿ ಬಾಳಿಗೆ ಬೇಸತ್ತವನೊಬ್ಬನು ತನ್ನ ‘ಬಾ’ದೊಡನೆ, ಎಂದರೆ ಆತ್ಮದೊಡನೆ, ಸಾವು ಲೇಸೋ ಬದುಕು ಲೇಸೋ ಎಂದು ವಾದಿಸುತ್ತಾನೆ. ಜೇನ್ಸ್ ಅವರು ಇದನ್ನೂ ಕೇಳಿಬಂದ ವಾಣಿಯೆಂದೇ ಎಣಿಸುತ್ತಾರೆ. ವಾಣಿಗೆ ಎದುರಾಡಿ ತನ್ನ ಪಕ್ಷವನ್ನು ಮಂಡಿಸುವವನನ್ನೂ ಪ್ರಜ್ಞಾಹೀನನೆಂದರೆ, ಆ ಸಿದ್ಧಾಂತವನ್ನು ಪರೀಕ್ಷಿಸುವ ದಾರಿಯೇ ಉಳಿಯುವುದಿಲ್ಲ. ತತ್ತ್ವಜ್ಞ ನೆಡ್ ಬ್ಲಾಕ್ ಅವರು 1981ರಲ್ಲಿಯೇ ಮೂಲದೋಷವನ್ನು ತೋರಿಸಿದರು: ಪ್ರಜ್ಞೆ ಬೇರೆ, ಪ್ರಜ್ಞೆ ಎಂಬ ಪರಿಕಲ್ಪನೆ ಬೇರೆ. ನೋವಿನ ಕುರಿತು ಆಲೋಚಿಸಲು ಕಲಿಯುವ ಮುನ್ನವೂ ನೋವು ಇದ್ದೇ ಇರುತ್ತದೆ.

ನೀತಿಯ ಪ್ರಶ್ನೆ ಏಳುವುದು ಇಲ್ಲಿಯೇ. ಜೇನ್ಸ್ ಅವರು ಪ್ರಾಣಿಗಳಿಗೆ ಇಂದ್ರಿಯಗ್ರಹಣವನ್ನು ನಿರಾಕರಿಸುವುದಿಲ್ಲ. ಅದನ್ನು ಪ್ರಜ್ಞೆಯೆಂದು ಕರೆಯಲು ಮಾತ್ರ ಒಪ್ಪುವುದಿಲ್ಲ. ಇದು ಬರಿಯ ಶಬ್ದವಿವಾದವೆಂದು ತೋರಬಹುದು. ಆದರೆ ಭಾಷೆಯಿಂದಲೇ ಪ್ರಜ್ಞೆ ಹುಟ್ಟಿತೆಂದು ಒಪ್ಪಿದ ಓದುಗನು, ಮಾತಿಲ್ಲದ ಜೀವಿಯ ಸಂಕಟವನ್ನು ಲೆಕ್ಕಕ್ಕೆ ಹಿಡಿಯದಿರಲು ಹೆಚ್ಚು ದೂರ ಸಾಗಬೇಕಾಗಿಲ್ಲ.

ಈ ಗೊಂದಲವನ್ನು ಬಿಡಿಸಲು ನಮ್ಮ ದರ್ಶನದ ಒಂದು ವಿವೇಕ ನೆರವಾಗುತ್ತದೆ. ತತ್ತ್ವಾರ್ಥಸೂತ್ರದ ಪ್ರಕಾರ ಜೀವದ ಲಕ್ಷಣ ಉಪಯೋಗ, ಎಂದರೆ ಜ್ಞಾನದರ್ಶನರೂಪವಾದ ಚೈತನ್ಯವ್ಯಾಪಾರ. ಸಮನಸ್ಕ, ಅಮನಸ್ಕ ಎಂಬ ಭೇದ ಅನಂತರದ್ದು. ಹುಳು, ಇರುವೆ, ದುಂಬಿಗಳಿಗೆ ಕ್ರಮವಾಗಿ ಎರಡು, ಮೂರು, ನಾಲ್ಕು ಇಂದ್ರಿಯಗಳು; ಅವು ಅಮನಸ್ಕವಾದರೂ ಅಚೇತನವಲ್ಲ. ಜೇನ್ಸ್ ಅವರು ಹುಟ್ಟುಕಾಲ ಹುಡುಕಿದ್ದು ಮನಸ್ಸಿನ ಒಂದು ವಿಶೇಷ ವ್ಯಾಪಾರಕ್ಕೆ. ಅದನ್ನೇ ಚೈತನ್ಯದ ಸರ್ವಸ್ವವೆಂದು ಗಣಿಸಿದ್ದು ದೋಷ.

2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳೂ ತತ್ತ್ವಜ್ಞರೂ ಹೊರಡಿಸಿದ ನ್ಯೂಯಾರ್ಕ್ ಘೋಷಣೆಯು ಸಸ್ತನಿ, ಪಕ್ಷಿಗಳ ಪ್ರಜ್ಞೆಗೆ ಬಲವಾದ ವೈಜ್ಞಾನಿಕ ಸಮರ್ಥನೆಯುಂಟೆಂದೂ, ಕೀಟಗಳು ಸೇರಿದಂತೆ ಹಲವು ಅಕಶೇರುಕಗಳಲ್ಲಿ ಅದರ ವಾಸ್ತವಿಕ ಸಾಧ್ಯತೆಯುಂಟೆಂದೂ ಹೇಳಿದೆ. ಆ ಸಾಧ್ಯತೆಯನ್ನು ಕಡೆಗಣಿಸುವುದು ಹೊಣೆಗೇಡಿತನವೆಂದೂ ಎಚ್ಚರಿಸಿದೆ. ಇಷ್ಟರಿಂದಲೇ ವಿಜ್ಞಾನವು ನಮ್ಮ ಸಿದ್ಧಾಂತವನ್ನು ಸಾಧಿಸಿತೆಂದು ಸಾರುವುದು ಸಲ್ಲದು. ಏಕೇಂದ್ರಿಯ ಜೀವಗಳ ವಿಷಯವಾಗಿ ಆ ಘೋಷಣೆ ಏನನ್ನೂ ಹೇಳಿಲ್ಲ. ಅಹಿಂಸೆಗೆ ಪ್ರಯೋಗಾಲಯದ ಮುದ್ರೆ ಬೇಕಾಗಿಲ್ಲ. ಸಂದೇಹವಿರುವೆಡೆ ಜೀವದ ಪಕ್ಷವನ್ನು ವಹಿಸುವ ಅಪ್ರಮಾದ ಸಾಕು.

ಆದುದರಿಂದ ಈ ಗ್ರಂಥವನ್ನು ತಿರಸ್ಕರಿಸದೆ, ಅದರ ಪ್ರಜ್ಞಾಲಕ್ಷಣವನ್ನು ಶೋಧಿಸಿಕೊಂಡು ಓದುವುದು ಉಚಿತ. ಸ್ವಾಧ್ಯಾಯ ಗೋಷ್ಠಿಗಳಲ್ಲಿ, ವಿಶೇಷವಾಗಿ ತರುಣರ ನಡುವೆ, ಇದು ಚರ್ಚೆಗೆ ಯೋಗ್ಯವಾದ ವಿಷಯ.